ಮಸೀರಾ ದ್ವೀಪದ ರೇಡಿಯೋ, ರೂವಿಯ ಕೋಣೆಯ ವಾದ

ಈ ವಾರದ ಸಂಚಿಕೆಯನ್ನು ಆಗಲೇ ಕೇಳಿದ್ದರೆ ಇಲ್ಲಿನ ಅರ್ಧ ಕಥೆ ನಿಮಗೆ ಗೊತ್ತು. ಕೇಳಿಲ್ಲದಿದ್ದರೂ ಪರವಾಗಿಲ್ಲ, ಓದಿಕೊಂಡು ಆಮೇಲೆ ಕೇಳಬಹುದು. ಮಾತಾಡುವಾಗ ಜಾರಿಹೋಗುವ ದಿನಾಂಕ, ದೂರ, ದುಡ್ಡಿನ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ಜೋಡಿಸಿದ್ದೇನೆ. ಕನ್ನಡ ಓದೋದನ್ನು ಈಗಷ್ಟೇ ಕಲಿಯುತ್ತಿರುವವರು ಒಂದೊಂದು ಭಾಗವನ್ನೇ ಜೋರಾಗಿ ಓದಿಕೊಳ್ಳಿ, ಅವಸರ ಬೇಡ.

ಮೊದಲು ಫೋನಿನಲ್ಲಿ ಒಮಾನಿನ ಭೂಪಟ ತೆಗೆಯಿರಿ. ಮಸ್ಕತ್‌ನಿಂದ ಕರಾವಳಿ ಹಿಡಿದು ಕೆಳಗೆ ಬನ್ನಿ. ಸೂರ್ ಪಟ್ಟಣ ದಾಟಿ, ರಾಸ್ ಅಲ್ ಹದ್ ಮೂಲೆ ತಿರುಗಿ, ಇನ್ನಷ್ಟು ದಕ್ಷಿಣಕ್ಕೆ ಹೋದರೆ ಸಮುದ್ರದಲ್ಲಿ ಉದ್ದನೆಯ ಒಂದು ದ್ವೀಪ ಕಾಣುತ್ತದೆ. ಅದೇ ಮಸೀರಾ. ಉದ್ದ ಸುಮಾರು 95 ಕಿಲೋಮೀಟರ್. ಪ್ರವಾಸಿಗರಿಗೆ ಅದು ಕಡಲಾಮೆಗಳು ಮೊಟ್ಟೆ ಇಡುವ ಜಾಗ.

ಆದರೆ ಆ ದ್ವೀಪದಲ್ಲಿ ಇನ್ನೆರಡು ವಸ್ತುಗಳಿದ್ದವು. ಒಂದು, ವಿಮಾನ ನೆಲೆ. 1980ರ ಏಪ್ರಿಲ್ 24ರಂದು ಟೆಹರಾನಿನಲ್ಲಿ ಒತ್ತೆಯಾಳಾಗಿದ್ದ ಅಮೆರಿಕನ್ನರನ್ನು ಬಿಡಿಸಲು ಹೊರಟ ಅಮೆರಿಕದ ವಿಮಾನಗಳು ಮೇಲೆದ್ದದ್ದು ಇಲ್ಲಿಂದ. ಆ ಕಾರ್ಯಾಚರಣೆ ಇರಾನಿನ ಮರುಭೂಮಿಯಲ್ಲೇ ಮುರಿದುಬಿತ್ತು. ಅದೇ ವರ್ಷ ಒಮಾನ್ ಮತ್ತು ಅಮೆರಿಕದ ನಡುವೆ ಒಪ್ಪಂದವಾಗಿ, 1990-91ರಲ್ಲೂ ಈ ನೆಲೆ ಬಳಕೆಯಾಯಿತು. ಇನ್ನೊಂದು, ಬಿಬಿಸಿಯ ಮರುಪ್ರಸಾರ ಕೇಂದ್ರ. 1960ರ ದಶಕದ ಕೊನೆಯಿಂದ 2002ರವರೆಗೆ ಲಂಡನ್ನಿನ ಕಾರ್ಯಕ್ರಮಗಳು ಇಲ್ಲಿನ ಗೋಪುರಗಳಿಂದ ಕೊಲ್ಲಿ ದೇಶಗಳಿಗೂ ಭಾರತ, ಪಾಕಿಸ್ತಾನಗಳ ಕಡೆಗೂ ಹೋಗುತ್ತಿದ್ದವು. ಮೀಡಿಯಂ ವೇವ್‌ನಲ್ಲಿ 1413 ಕಿಲೋಹರ್ಟ್ಸ್. ಆಮೇಲೆ ಕೇಂದ್ರ ಮುಖ್ಯ ಭೂಭಾಗದ ಅಲ್ ಅಸೀಲಾಕ್ಕೆ ಹೋಯಿತು.

ಅಂದರೆ ಯುದ್ಧಕ್ಕೆ ಹೋಗುವ ವಿಮಾನವೂ, ಯುದ್ಧದ ಸುದ್ದಿಯೂ ಒಂದೇ ದ್ವೀಪದಿಂದ ಹೊರಡುತ್ತಿದ್ದವು. ಮಸ್ಕತ್‌ನಲ್ಲಿ ಕೆಲಸಕ್ಕಿದ್ದ ನಮ್ಮ ಕರಾವಳಿಯ ಜನ ರಾತ್ರಿ ಟ್ರಾನ್ಸಿಸ್ಟರ್ ತಿರುಗಿಸಿ "ಲಂಡನ್ ಸ್ಟೇಷನ್" ಹಿಡಿದಾಗ, ಆ ದನಿ ಎಷ್ಟೋ ಸಲ ತಾವೇ ನಿಂತ ದೇಶದ ನೆಲದಿಂದ ಬರುತ್ತಿತ್ತು. ಯುದ್ಧ ದೂರದ್ದೋ ಹತ್ತಿರದ್ದೋ ಅನ್ನೋ ಪ್ರಶ್ನೆಗೆ ಒಮಾನಿನಲ್ಲಿ ಯಾವತ್ತೂ ಸುಲಭದ ಉತ್ತರ ಇರಲಿಲ್ಲ.

ಮೊದಲು ಸುದ್ದಿ ಕಾದವರು ಅವರು

ನಾವು ಮಾತ್ರ ಕೊಲ್ಲಿಯ ಯುದ್ಧಗಳನ್ನು ನೋಡಿದವರು ಅಂದುಕೊಳ್ಳಬೇಡಿ. ಇನ್ನೂರು ವರ್ಷ ಹಿಂದಕ್ಕೆ ಹೋದರೆ ಪಾತ್ರಗಳು ಅದಲುಬದಲಾಗುತ್ತವೆ.

ಹದಿನೆಂಟನೇ ಶತಮಾನದಲ್ಲಿ ಮಸ್ಕತ್ ಅಕ್ಕಿಗಾಗಿ ನೋಡುತ್ತಿದ್ದದ್ದು ನಮ್ಮ ಕರಾವಳಿಯನ್ನು. ಮಂಗಳೂರಿನ ಅಕ್ಕಿ ಹಡಗುಗಳಲ್ಲಿ ಅಲ್ಲಿಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ಮೈಸೂರಿನಲ್ಲಿ ಯುದ್ಧವಾದರೆ ಅದು ಮಸ್ಕತ್‌ನವರಿಗೆ ಪರದೇಶದ ಸಮಾಚಾರ ಮಾತ್ರವಾಗಿರಲಿಲ್ಲ, ಊಟದ ತಟ್ಟೆಯ ಮಾತೂ ಆಗಿತ್ತು.

1798ರ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ಫ್ರೆಂಚರೂ ಟಿಪ್ಪುವೂ ಕೈಜೋಡಿಸಿಬಿಟ್ಟರೆ ಅಂತ ಈಸ್ಟ್ ಇಂಡಿಯಾ ಕಂಪನಿಗೆ ಗಾಬರಿಯಾಯಿತು. ಇಬ್ಬರ ನಡುವಿನ ದಾರಿಯಲ್ಲಿ ಇದ್ದದ್ದು ಮಸ್ಕತ್. ಹಾಗಾಗಿ ಅದೇ ವರ್ಷ ಅಕ್ಟೋಬರ್ 12ರಂದು ಕಂಪನಿ ಅಲ್ಲಿನ ಆಡಳಿತಗಾರ ಸಯ್ಯಿದ್ ಸುಲ್ತಾನ್ ಬಿನ್ ಅಹ್ಮದ್ ಜೊತೆ ಒಪ್ಪಂದ ಮಾಡಿಕೊಂಡು, ಫ್ರೆಂಚರಿಗೆ ಜಾಗ ಕೊಡುವುದಿಲ್ಲ ಅಂತ ಬರೆಸಿಕೊಂಡಿತು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಮಸ್ಕತ್‌ಗೆ ಒಂದು ಕಾಗದ ಬರೆದು, ಟಿಪ್ಪುವಿಗೆ ಬರೆದ ಇನ್ನೊಂದು ಕಾಗದವನ್ನು ಮುಂದಕ್ಕೆ ತಲುಪಿಸಿ ಅಂತ ಕೇಳಿಕೊಂಡ. ಎರಡೂ ಮುಟ್ಟಲಿಲ್ಲ, ಕೆಂಪು ಸಮುದ್ರದ ಹತ್ತಿರವೇ ಬ್ರಿಟಿಷರ ಕೈಗೆ ಸಿಕ್ಕಿದವು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ತೀರಿಕೊಂಡ. ಅದೇ ವರ್ಷ ಅಕ್ಕಿ ಬರುತ್ತಿದ್ದ ಕೆನರಾ ಕರಾವಳಿ ಕಂಪನಿಯ ಕೈಗೆ ಹೋಯಿತು.

ಈ ಹಳೇ ಕಥೆಯನ್ನು ಹೇಳಿದ್ದಕ್ಕೆ ಕಾರಣ ಇದೆ. ಪರದೇಶದ ಯುದ್ಧವನ್ನು ಜನ ಯಾಕೆ ಅಷ್ಟು ಗಮನವಿಟ್ಟು ಕೇಳ್ತಾರೆ? ಬರೀ ಕುತೂಹಲವೇ ಆಗಿದ್ದರೆ ಎರಡು ದಿನದಲ್ಲಿ ಆರಿಹೋಗುತ್ತಿತ್ತು. ಅನ್ನ, ಸಂಬಳ, ಮನೆಯವರು, ಈ ಮೂರರಲ್ಲಿ ಒಂದು ಆ ಯುದ್ಧದ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ಮಾತ್ರ ತಿಂಗಳುಗಟ್ಟಲೆ ಕಿವಿ ನಿಮಿರಿರುತ್ತದೆ. 1799ರಲ್ಲಿ ಮಸ್ಕತ್‌ನವರಿಗೆ ಅನ್ನ ಸಿಕ್ಕಿಕೊಂಡಿತ್ತು. 1990ರಲ್ಲಿ ನಮ್ಮವರಿಗೆ ಮೂರೂ.

ಆಗಸ್ಟ್ 2, 1990

ನಮ್ಮ ಜನ ಒಮಾನಿಗೆ ದೊಡ್ಡ ಸಂಖ್ಯೆಯಲ್ಲಿ ಹೋಗಲು ಶುರುಮಾಡಿದ್ದು 1970ರ ದಶಕದಲ್ಲಿ. 1970ರ ಜುಲೈ 23ರಂದು ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದರು. ಆ ವರ್ಷದವರೆಗೆ ಮಸ್ಕತ್‌ನಲ್ಲಿ ಓಡುತ್ತಿದ್ದ ಹಣ ಕೂಡ ರೂಪಾಯಿಯೇ. ಕೊಲ್ಲಿ ದೇಶಗಳಿಗೆಂದೇ ಭಾರತದ ರಿಸರ್ವ್ ಬ್ಯಾಂಕ್ 1959ರಿಂದ ಹೊರಡಿಸಿದ ಗಲ್ಫ್ ರೂಪಾಯಿ ಅದು. ದಕ್ಷಿಣದ ಧೋಫಾರ್‌ನಲ್ಲಿ ಒಮಾನಿನದೇ ಒಂದು ಯುದ್ಧ 1975ರ ಕೊನೆಯವರೆಗೂ ನಡೆಯಿತು. ರಸ್ತೆ, ಬಂದರು, ಆಸ್ಪತ್ರೆ, ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿತ್ತು. ಉಡುಪಿ, ಕುಂದಾಪುರ, ಭಟ್ಕಳ, ಮಂಗಳೂರು, ಕಾಸರಗೋಡು ಕಡೆಯ ಹುಡುಗರು ಮುಂಬೈಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ವಿಮಾನ ಹತ್ತಿದರು. ಕೊಂಕಣ ರೈಲು ಬಂದದ್ದು 1998ರಲ್ಲಿ, ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿಯವರೆಗೆ ಗಲ್ಫಿನ ಬಾಗಿಲು ಅಂದರೆ ಮುಂಬೈ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತ್‌ಗೆ ನುಗ್ಗಿತು. ಆಗ ಕುವೈತ್‌ನಲ್ಲಿ 1,70,000ಕ್ಕೂ ಹೆಚ್ಚು ಭಾರತೀಯರಿದ್ದರು. ಅಲ್ಲಿಂದ ಫೋನ್ ಬರುವುದು ನಿಂತುಹೋಯಿತು. ಬ್ಯಾಂಕು ಮುಚ್ಚಿದವು. ಒಂದು ಕುವೈತಿ ದಿನಾರ್ ಅಂದರೆ ಹಿಂದಿನ ತಿಂಗಳು ಸುಮಾರು 60 ರೂಪಾಯಿ. ಇರಾಕ್ ಅದನ್ನು ತನ್ನ ದಿನಾರಿಗೆ ಸಮ ಅಂದುಬಿಟ್ಟಿತು, ಆಮೇಲೆ ಚಲಾವಣೆಯಿಂದಲೇ ತೆಗೆಯಿತು. ಹತ್ತು ವರ್ಷ ದುಡಿದವರ ಕೈಯಲ್ಲಿ ಉಳಿದದ್ದು ಅಂಗಡಿಯವನು ಮುಟ್ಟದ ಕಾಗದ.

ಹೊರಗೆ ಬರುವ ದಾರಿಯೂ ನೇರವಾಗಿರಲಿಲ್ಲ. ಕುವೈತ್‌ನಿಂದ ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನ್, ಗಡಿಯ ಶಿಬಿರಗಳಲ್ಲಿ ಕಾಯುವುದು, ಆಮೇಲೆ ಅಮ್ಮಾನ್, ಅಲ್ಲಿಂದ ಏರ್ ಇಂಡಿಯಾ. ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ, 59 ದಿನಗಳಲ್ಲಿ 488 ವಿಮಾನಗಳು ಸುಮಾರು 1,11,000 ಜನರನ್ನು ಕರೆತಂದವು. ಅಂದರೆ ದಿನಕ್ಕೆ ಸರಾಸರಿ ಎಂಟು ವಿಮಾನ. ಇವತ್ತಿಗೂ ನಾಗರಿಕ ವಿಮಾನಗಳ ಅತಿ ದೊಡ್ಡ ತೆರವು ಕಾರ್ಯಾಚರಣೆ ಅಂತ ಹೇಳೋದು ಇದನ್ನೇ.

ಇದೆಲ್ಲ ಕುವೈತ್‌ನ ಕಥೆ. ಒಮಾನಿನಲ್ಲಿದ್ದವರ ಕಥೆ ಬೇರೆ. ಅವರಿಗೆ ಕೆಲಸವಿತ್ತು, ಸಂಬಳವಿತ್ತು, ಮಸ್ಕತ್‌ನ ಬೀದಿಗಳು ಎಂದಿನಂತೆ ಶಾಂತವಾಗಿದ್ದವು. ಆದರೆ ಅಣ್ಣನೋ ಭಾವನೋ ಊರಿನ ಪಕ್ಕದ ಮನೆಯವರೋ ಕುವೈತ್‌ನಲ್ಲಿದ್ದರು. ಯುದ್ಧ ಕೆಳಕ್ಕೆ ಹಬ್ಬಿದರೆ ಮುಂದೆ ನಾವೇ ಅನ್ನೋ ಲೆಕ್ಕವೂ ತಲೆಯಲ್ಲಿ ಓಡುತ್ತಿತ್ತು. ಪೂರ್ತಿ ಸುರಕ್ಷಿತರೂ ಅಲ್ಲ, ಪೂರ್ತಿ ಸಿಕ್ಕಿಬಿದ್ದವರೂ ಅಲ್ಲ. ಯುದ್ಧದ ಬಗ್ಗೆ ಅತಿ ಹೆಚ್ಚು ಮಾತಾಡುವವರು ಯಾವಾಗಲೂ ಈ ನಡುವಿನ ಜಾಗದಲ್ಲಿರುವವರೇ.

ಯಾವ ಭಾಷೆಯಲ್ಲಿ ಯುದ್ಧ?

ಎರಡನೇ ತಲೆಮಾರಿನ ನೀವು ಇದನ್ನು ಗಮನಿಸಬೇಕು. ಆ ಯುದ್ಧ ನಮ್ಮವರಿಗೆ ಕನ್ನಡದಲ್ಲಿ ಬರಲಿಲ್ಲ.

ಬಿಬಿಸಿ ಆಗ ಹಿಂದಿ, ಉರ್ದು, ಬಂಗಾಳಿ, ತಮಿಳಿನಲ್ಲಿ ಸುದ್ದಿ ಕೊಡುತ್ತಿತ್ತು. ಕನ್ನಡ ಇರಲಿಲ್ಲ. 2017ರಲ್ಲಿ ಅದು ಭಾರತದ ಇನ್ನೂ ನಾಲ್ಕು ಭಾಷೆಗಳನ್ನು ಸೇರಿಸಿದಾಗಲೂ ಗುಜರಾತಿ, ಮರಾಠಿ, ಪಂಜಾಬಿ, ತೆಲುಗು ಬಂದವು, ಕನ್ನಡ ಬರಲಿಲ್ಲ. ಮಸ್ಕತ್‌ನಲ್ಲಿ ಸಿಗುತ್ತಿದ್ದ ಪತ್ರಿಕೆಗಳು ಟೈಮ್ಸ್ ಆಫ್ ಒಮಾನ್ ಮತ್ತು ಒಮಾನ್ ಅಬ್ಸರ್ವರ್, ಎರಡೂ ಇಂಗ್ಲಿಷ್. ಊರಿನ ಪತ್ರಿಕೆ ಯಾರಾದರೂ ರಜೆ ಮುಗಿಸಿ ಬರುವಾಗ ಉಪ್ಪಿನಕಾಯಿ ಬಾಟಲಿ ಸುತ್ತಿಕೊಂಡು ಬರುತ್ತಿತ್ತು.

ಹಾಗಾಗಿ ರೂವಿಯ ಒಂದು ಬಾಡಿಗೆ ಕೋಣೆಯಲ್ಲಿ ಸುದ್ದಿ ಹೀಗೆ ಸಾಗುತ್ತಿತ್ತು. (ರೂವಿ ಅಂದರೆ ಮಸ್ಕತ್‌ನ ಹಳೇ ವ್ಯಾಪಾರದ ಪ್ರದೇಶ. ಅಲ್ಲಿ ಹತ್ತು ಹೆಜ್ಜೆಗೊಬ್ಬ ಭಾರತೀಯ ಸಿಗುತ್ತಾನೆ.) ಪಕ್ಕದ ಕೋಣೆಯ ಪಾಕಿಸ್ತಾನಿ ಚಾಲಕ ಉರ್ದು ಪ್ರಸಾರ ಕೇಳಿ ಹಿಂದಿಯಲ್ಲಿ ಹೇಳುವುದು. ಆಫೀಸಿನಲ್ಲಿ ಇಂಗ್ಲಿಷ್ ಪೇಪರ್ ಓದಿದ ಮಲಯಾಳಿ ಗುಮಾಸ್ತ ಅದಕ್ಕೆ ತಿದ್ದುಪಡಿ ಹಾಕುವುದು. ಈಜಿಪ್ಟಿನ ಫೋರ್‌ಮನ್ ಅರಬ್ಬಿ ರೇಡಿಯೋದಲ್ಲಿ ಕೇಳಿದ್ದನ್ನು ಯಾರೋ ಮುರುಕು ಅರಬ್ಬಿಯಲ್ಲಿ ತಿಳಿದುಕೊಂಡು ಬರುವುದು. ಎಲ್ಲ ಸೇರಿ ರಾತ್ರಿ ಊಟದ ಹೊತ್ತಿಗೆ ತುಳುವಿನಲ್ಲೋ ಕುಂದಾಪುರ ಕನ್ನಡದಲ್ಲೋ ಬ್ಯಾರಿಯಲ್ಲೋ ಒಂದು ಅಂತಿಮ ಸುದ್ದಿ ತಯಾರಾಗುವುದು.

ಊರಿನ ಕಡೆ ಬೆಳಿಗ್ಗೆ 7:35ಕ್ಕೆ ಆಕಾಶವಾಣಿಯ ಕನ್ನಡ ವಾರ್ತೆ. ಆಗ ಮಸ್ಕತ್ ಗಡಿಯಾರದಲ್ಲಿ 6:05. ಊರಿನವರು ವಾರ್ತೆ ಕೇಳಿ, ಬೂತಿಗೆ ಹೋಗಿ, ಮಸ್ಕತ್‌ಗೆ ಫೋನ್ ಹಚ್ಚಿ "ಅಲ್ಲಿ ಯುದ್ಧ ಹೇಗಿದೆ?" ಅಂತ ಕೇಳುವುದು. ಮಸ್ಕತ್‌ನವನು "ಇಲ್ಲಿ ಏನೂ ಇಲ್ಲಪ್ಪ, ಊರಿನ ಪೇಪರಿನಲ್ಲಿ ಏನು ಬಂದಿದೆ ಹೇಳಿ" ಅನ್ನುವುದು. ನಿಮಿಷಕ್ಕೆ ಇಷ್ಟು ಅಂತ ಓಡುತ್ತಿದ್ದ ಮೀಟರಿನ ಎದುರು ನಿಂತು ಇಬ್ಬರೂ ಒಬ್ಬರನ್ನೊಬ್ಬರು ಸುದ್ದಿ ಕೇಳುತ್ತಿದ್ದರು.

ಇಲ್ಲಿ ಒಂದು ಭಾಷೆಯ ವಿಷಯ. ಕನ್ನಡದಲ್ಲಿ ವಾರ್ತೆ, ಸುದ್ದಿ, ಸಮಾಚಾರ ಮೂರೂ ಇವೆ. ವಾರ್ತೆ ರೇಡಿಯೋ ಓದುವುದು. ಸುದ್ದಿ ಬಾಯಿಂದ ಬಾಯಿಗೆ ಬರುವುದು, ನಿಜವೂ ಇರಬಹುದು ಗಾಳಿಯೂ ಇರಬಹುದು. ಸಮಾಚಾರ ಅಂದರೆ "ಏನ್ ಸಮಾಚಾರ?" ಅಂತ ಕೇಳ್ತೀವಲ್ಲ, ಅದು, ನೀನು ಹೇಗಿದ್ದೀಯ ಅನ್ನೋದು. 1990ರಲ್ಲಿ ಒಮಾನಿನ ನಮ್ಮವರು ವಾರ್ತೆ ಕೇಳಿ, ಸುದ್ದಿ ಸೋಸಿ, ಕೊನೆಗೆ ಹುಡುಕುತ್ತಿದ್ದದ್ದು ಸಮಾಚಾರವನ್ನು.

ವಾದಕ್ಕೆ ಕೂತವರು

ನನ್ನ ದೊಡ್ಡಪ್ಪ ಆಗ ರೂವಿಯಲ್ಲಿ ಗಾಡಿ ಬಿಡಿಭಾಗಗಳ ಅಂಗಡಿಯೊಂದರ ಸ್ಟೋರ್‌ಕೀಪರ್. ಒಂದು ಕೋಣೆಯಲ್ಲಿ ಆರು ಜನ. ಯುದ್ಧದ ವಾದ ಹೇಗಿರುತ್ತಿತ್ತು ಅಂತ ಕೇಳಿದರೆ ಅವರು ಹೇಳುವುದು ಒಂದೇ ಮಾತು: "ತಾಳಮದ್ದಳೆಯ ಹಾಗೆ, ಮಾರಾಯ."

ತಾಳಮದ್ದಳೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಯಕ್ಷಗಾನದ್ದೇ ಒಂದು ರೂಪ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದ ಮಾಡ್ತಾರೆ. ಮಾತು ಮೊದಲೇ ಬರೆದಿಟ್ಟದ್ದಲ್ಲ. ಯುದ್ಧ ಬೇಕೋ ಸಂಧಿ ಬೇಕೋ, ತಪ್ಪು ಯಾರದ್ದು, ಹೀಗೆ ಗಂಟೆಗಟ್ಟಲೆ ನಡೆಯುತ್ತದೆ. ಇವತ್ತು ಕೃಷ್ಣನ ಪರ ಮಾತಾಡಿದವರು ನಾಳೆ ಇನ್ನೊಂದು ಊರಿನಲ್ಲಿ ಕೌರವನ ಪರ ಅಷ್ಟೇ ಗಟ್ಟಿಯಾಗಿ ಮಾತಾಡಬಹುದು. ಎದುರಾಳಿಯ ಮಾತು ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಡಲು ಬರುವುದಿಲ್ಲ. ಕರಾವಳಿಯ ಹಳ್ಳಿಗಳಲ್ಲಿ ದೊಡ್ಡ ಓದಿಲ್ಲದವರೂ ಇದನ್ನು ಕೇಳಿ ಬೆಳೆದವರು.

ರೂವಿಯ ಕೋಣೆಯಲ್ಲಿ ಮೂರು ವಾದಗಳು ತಿರುತಿರುಗಿ ಬರುತ್ತಿದ್ದವಂತೆ.

ಮೊದಲನೆಯದು ಸದ್ದಾಂ ಹುಸೇನ್ ಮಾಡಿದ್ದು. ಸಣ್ಣ ದೇಶವನ್ನು ನುಂಗಿದ್ದು ಅನ್ಯಾಯ ಅಂತ ಒಬ್ಬರು. ಹಾಗಾದರೆ ಅಮೆರಿಕ ಬಂದದ್ದು ನ್ಯಾಯಕ್ಕೋ ಎಣ್ಣೆಗೋ ಅಂತ ಇನ್ನೊಬ್ಬರು. 1980ರಿಂದ 88ರವರೆಗೆ ಇರಾನ್ ಜೊತೆ ಹೊಡೆದಾಡುವಾಗ ಇದೇ ಸದ್ದಾಂಗೆ ಬೆನ್ನು ತಟ್ಟಿದವರು ಯಾರು ಅಂತ ಮೂರನೆಯವರು. ಆ ಯುದ್ಧದಲ್ಲಿ ಒಮಾನ್ ಇರಾನ್, ಇರಾಕ್ ಎರಡರ ಜೊತೆಗೂ ಸಂಬಂಧ ಇಟ್ಟುಕೊಂಡಿತ್ತು ಅನ್ನೋದನ್ನು ಎಲ್ಲರೂ ಮೆಚ್ಚುತ್ತಿದ್ದರಂತೆ.

ಎರಡನೆಯದು ದೆಹಲಿ ಮಾಡಿದ್ದು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಆಗಸ್ಟ್‌ನಲ್ಲೇ ಬಾಗ್ದಾದಿಗೆ ಹೋಗಿ ಸದ್ದಾಂನನ್ನು ಕಂಡರು, ಇಬ್ಬರೂ ಅಪ್ಪಿಕೊಂಡ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಆಕ್ರಮಣ ಮಾಡಿದವನನ್ನು ಅಪ್ಪಿಕೊಳ್ಳೋದಾ ಅಂತ ಟೀಕೆ. ಲಕ್ಷಾಂತರ ನಮ್ಮವರು ಅವನ ಹಿಡಿತದಲ್ಲಿರುವಾಗ ಕೈಕುಲುಕದೆ ಬೇರೆ ದಾರಿ ಏನಿತ್ತು ಅಂತ ಉತ್ತರ. 1991ರ ಜನವರಿಯಲ್ಲಿ ಇದು ತಿರುಗಿತು. ಚಂದ್ರಶೇಖರ್ ಸರ್ಕಾರ ಅಮೆರಿಕದ ಸೇನಾ ವಿಮಾನಗಳಿಗೆ ಭಾರತದಲ್ಲಿ ಇಂಧನ ತುಂಬಿಸಿಕೊಳ್ಳಲು ಬಿಟ್ಟಿತ್ತು. ವಿಷಯ ಹೊರಬಿದ್ದು ಗದ್ದಲವಾಗಿ ಫೆಬ್ರವರಿಯಲ್ಲಿ ನಿಂತಿತು. ಆರು ತಿಂಗಳ ಹಿಂದೆ ಆ ಕಡೆ ಅಪ್ಪುಗೆ, ಈಗ ಈ ಕಡೆ ಇಂಧನ ಅಂತ ಕೋಣೆಯಲ್ಲಿ ನಗು.

ಮೂರನೆಯ ವಾದ ಎಲ್ಲಕ್ಕಿಂತ ಮೆಲ್ಲಗೆ ನಡೆಯುತ್ತಿದ್ದದ್ದು. ಇರುವುದೋ, ಊರಿಗೆ ಹೊರಡುವುದೋ? ಇದಕ್ಕೆ ದೊಡ್ಡಪ್ಪನ ಕೋಣೆಯಲ್ಲಿ ಶಾಲೆಯ ಅಟ್ಲಾಸ್ ಮತ್ತು ಸ್ಕೇಲು ಬಂತು. ಕುವೈತ್‌ನಿಂದ ಮಸ್ಕತ್‌ಗೆ ನೇರ ಗೆರೆ ಎಳೆದರೆ ಸುಮಾರು 1,200 ಕಿಲೋಮೀಟರ್. ಇರಾಕ್ ಬದಲಾಯಿಸಿಕೊಂಡಿದ್ದ ಸ್ಕಡ್ ಕ್ಷಿಪಣಿ ಹೋಗುವುದು ಸುಮಾರು 650. ಅಂದರೆ ಅರ್ಧ ದಾರಿಯಲ್ಲಿ ಬೀಳುತ್ತದೆ. ರಿಯಾದ್‌ಗೆ, ದಹ್ರಾನ್‌ಗೆ ಬಿತ್ತು, ಮಸ್ಕತ್‌ಗೆ ಬರಲಾರದು. ಲೆಕ್ಕ ಸರಿಯಾಗಿತ್ತು. ಆದರೂ ನಿದ್ದೆ ಬರುತ್ತಿರಲಿಲ್ಲ ಅಂತಾರೆ ದೊಡ್ಡಪ್ಪ. ಸ್ಕೇಲಿನಿಂದ ಅಳೆಯಲು ಆಗದ್ದು ಬೇಕಾದಷ್ಟಿತ್ತು. ಕೆಲಸ ಹೋದರೆ? ವಿಮಾನ ನಿಂತರೆ? ಮನೆಯ ಮೇಲಿನ ಸಾಲ?

ಆ ಕೋಣೆಯಲ್ಲಿ ಕುಂದಾಪುರ ಕಡೆಯ ಒಬ್ಬರಿದ್ದರು. ಅವರ ತಮ್ಮ ಕುವೈತ್‌ನಲ್ಲಿ. ಅವರು ಯಾವ ವಾದಕ್ಕೂ ಬಾಯಿ ಹಾಕುತ್ತಿರಲಿಲ್ಲ. ಸದ್ದಾಂ ಸರಿಯೋ ತಪ್ಪೋ ಅಂತ ಉಳಿದವರ ದನಿ ಏರಿದಾಗ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದರು. ಒಂದು ರಾತ್ರಿ ಅಟ್ಲಾಸ್ ಎತ್ತಿಕೊಂಡು "ಅಮ್ಮಾನ್ ಎಲ್ಲಿ ಬರ್ತದೆ?" ಅಂತ ಕೇಳಿದರು. ಅವತ್ತಿನಿಂದ ಆ ಕೋಣೆಯಲ್ಲಿ ವಾದದ ದನಿ ಇಳಿಯಿತು. ವಾರ್ತೆ ಬಂದಾಗ ಮೊದಲು ಜೋರ್ಡಾನ್ ಕಡೆಯ ಸುದ್ದಿ, ಆಮೇಲೆ ಉಳಿದದ್ದು. ಸೆಪ್ಟೆಂಬರ್ ಕೊನೆಯಲ್ಲಿ ಊರಿನಿಂದ ಟೆಲಿಗ್ರಾಂ ಬಂತು, ತಮ್ಮ ಮುಂಬೈ ಮುಟ್ಟಿದ್ದ. ಅವನ ಕೈಯಲ್ಲಿ ಒಂದು ಚೀಲ ಇತ್ತಂತೆ, ಅಷ್ಟೇ.

ಮಹಾಭಾರತದಲ್ಲಿ ದೂರದ ಯುದ್ಧವನ್ನು ಕೂತಲ್ಲೇ ಕೇಳುವವನು ಧೃತರಾಷ್ಟ್ರ. ಸಂಜಯ ಎಲ್ಲವನ್ನೂ ವಿವರವಾಗಿ ಹೇಳಬಲ್ಲ. ಆದರೆ ಮುದುಕನ ಮನಸ್ಸು ತನ್ನ ಮಕ್ಕಳ ಸುತ್ತಲೇ. ನಾವು ಅವನನ್ನು ಮೋಹಾಂಧ ಅಂತ ಬಯ್ಯುತ್ತೇವೆ. ಯುದ್ಧದಲ್ಲಿ ಸ್ವಂತದವರಿರುವ ಯಾರಿಗಾದರೂ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ತಪ್ಪಾಗುವುದು ಎರಡನೇ ಪ್ರಶ್ನೆ ಬಾರದೇ ಹೋದಾಗ. 1991ರ ಫೆಬ್ರವರಿ 13ರಂದು ಬಾಗ್ದಾದಿನ ಅಮಿರಿಯಾ ಆಶ್ರಯತಾಣದ ಮೇಲೆ ಬಾಂಬು ಬಿದ್ದು 400ಕ್ಕೂ ಹೆಚ್ಚು ನಾಗರಿಕರು ಸತ್ತರು. ಅಷ್ಟು ಹೊತ್ತಿಗೆ ಕುವೈತ್‌ನ ನಮ್ಮವರಲ್ಲಿ ಹೆಚ್ಚಿನವರು ಊರು ಸೇರಿದ್ದರು. ಅವತ್ತು ರಾತ್ರಿ ಕೋಣೆಯಲ್ಲಿ ಯಾರೂ ಊಟ ಮಾಡಲಿಲ್ಲ ಅಂತ ಹೇಳಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ದೊಡ್ಡಪ್ಪ ಹೇಳಿದ್ದು ಬೇರೆ: "ಊಟ ಮಾಡಿದೆವು. ಆ ಈಜಿಪ್ಟಿನವನು ಮಾತ್ರ ಮರುದಿನ ಕೆಲಸಕ್ಕೆ ಬಂದು ಯಾರ ಹತ್ತಿರವೂ ಮಾತಾಡಲಿಲ್ಲ."

ನೂರು ರಿಯಾಲಿನ ಲೆಕ್ಕ

ಈಗ ಸ್ವಲ್ಪ ಇರಿಸುಮುರಿಸಿನ ಲೆಕ್ಕ. ನನ್ನ ಕೆಲಸ ದತ್ತಾಂಶದ್ದು, ಹಾಗಾಗಿ ಇದನ್ನು ಬಿಡಲು ಆಗಲಿಲ್ಲ.

ಯುದ್ಧಕ್ಕೆ ಮುಂಚೆ 17 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾ ತೈಲದ ಬೆಲೆ 1990ರ ಅಕ್ಟೋಬರ್ ಹೊತ್ತಿಗೆ 40 ದಾಟಿತು. ಭಾರತ ಎಣ್ಣೆಗೆ ಹೆಚ್ಚು ಡಾಲರ್ ಕೊಡಬೇಕಾಯಿತು, ಕುವೈತ್ ಮತ್ತು ಇರಾಕಿನಿಂದ ಬರುತ್ತಿದ್ದ ಹಣ ನಿಂತಿತು. ಸರ್ಕಾರದ ಖರ್ಚು, ಸಾಲ ಮೊದಲೇ ಮಿತಿ ಮೀರಿತ್ತು, ಯುದ್ಧ ಅದನ್ನು ಅಂಚಿಗೆ ತಳ್ಳಿತು. 1991ರ ಮಧ್ಯದ ಹೊತ್ತಿಗೆ ದೇಶದ ಬೊಕ್ಕಸದಲ್ಲಿ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಡಾಲರ್ ಉಳಿದಿತ್ತು. ಮೇ ತಿಂಗಳಿನಲ್ಲಿ 20 ಟನ್, ಜುಲೈನಲ್ಲಿ ಸುಮಾರು 47 ಟನ್ ಚಿನ್ನ ದೇಶದಾಚೆ ಹೋಯಿತು. ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆ ಇಳಿಸಿದರು.

ಈಗ ಮಸ್ಕತ್‌ನ ಕೋಣೆಗೆ ಬನ್ನಿ. ಒಮಾನಿ ರಿಯಾಲ್ ಡಾಲರಿಗೆ ಕಟ್ಟಿಹಾಕಿದ ಹಣ, ಒಂದು ರಿಯಾಲ್ ಅಂದರೆ ಸುಮಾರು 2.60 ಡಾಲರ್, ಆಗಲೂ ಈಗಲೂ. 1990ರ ಮಧ್ಯದಲ್ಲಿ ಡಾಲರಿಗೆ ಸುಮಾರು 17.50 ರೂಪಾಯಿ. ನೂರು ರಿಯಾಲ್ ಕಳಿಸಿದರೆ ಊರಿನಲ್ಲಿ ಸಿಗುತ್ತಿದ್ದದ್ದು ಸುಮಾರು 4,550 ರೂಪಾಯಿ. 1991ರ ಜುಲೈನಲ್ಲಿ ಡಾಲರ್ 26ರ ಹತ್ತಿರ. ಅದೇ ನೂರು ರಿಯಾಲಿಗೆ ಸುಮಾರು 6,700 ರೂಪಾಯಿ. ಒಂದು ವರ್ಷದಲ್ಲಿ, ಒಂದು ಗಂಟೆ ಹೆಚ್ಚು ದುಡಿಯದೆ, ಸುಮಾರು 47 ಶೇಕಡಾ ಏರಿಕೆ.

ಊರಿನ ಬೆಲೆಗಳೂ ಏರಿದವು, ಆದ್ದರಿಂದ ಅಷ್ಟೂ ಲಾಭ ಅಲ್ಲ. ಆದರೂ ಒಂದೇ ಯುದ್ಧ ಒಬ್ಬ ತಮ್ಮನನ್ನು ಬರಿಗೈಯಲ್ಲಿ ಕಳಿಸಿ, ಮಸ್ಕತ್‌ನಲ್ಲಿದ್ದ ಅಣ್ಣನ ಸಂಬಳವನ್ನು ರೂಪಾಯಿ ಲೆಕ್ಕದಲ್ಲಿ ದೊಡ್ಡದು ಮಾಡಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಗಾದೆ ಇದೆ. ಇಲ್ಲಿ ಒಂದೇ ಮನೆಯ ಎರಡು ಕೂಸುಗಳಲ್ಲಿ ಒಂದು ಬಡವಾಯಿತು, ಇನ್ನೊಂದು ಸ್ವಲ್ಪ ಸುಧಾರಿಸಿತು. ಅಣ್ಣ ಆ ವರ್ಷ ಊರಿನ ಮನೆಗೆ ಹೆಂಚು ತೆಗೆದು ತಾರಸಿ ಹಾಕಿಸಿದರಂತೆ, ಅರ್ಧ ಹಣ ತಮ್ಮನ ಹೆಸರಿಗೆ ಇಟ್ಟು. ಊರಿನ ನಿಮ್ಮ ಮನೆಗೂ 1991-92ರ ಆಸುಪಾಸಿನಲ್ಲಿ ತಾರಸಿ ಬಂದಿದ್ದರೆ ಯಾವ ಹಣದಲ್ಲಿ ಅಂತ ಒಮ್ಮೆ ಕೇಳಿ ನೋಡಿ.

ಜೂನ್ 2025: ನಲವತ್ತು ಗುಂಪು, ಒಂದು ವಿಡಿಯೋ

ಈಗ ಇತ್ತೀಚಿನದ್ದು. 2025ರ ಏಪ್ರಿಲ್ 12ರಂದು ಅಮೆರಿಕ ಮತ್ತು ಇರಾನಿನ ಪರಮಾಣು ಮಾತುಕತೆಯ ಮೊದಲ ಸುತ್ತು ನಡೆದದ್ದು ಮಸ್ಕತ್‌ನಲ್ಲಿ, ಒಮಾನಿನ ಮಧ್ಯಸ್ಥಿಕೆಯಲ್ಲಿ. ಆರನೇ ಸುತ್ತು ಜೂನ್ 15ರಂದು ಮತ್ತೆ ಮಸ್ಕತ್‌ನಲ್ಲೇ ಅಂತ ನಿಗದಿಯಾಗಿತ್ತು. ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿತು, ಸಭೆ ರದ್ದಾಯಿತು. ಜೂನ್ 22ರಂದು ಅಮೆರಿಕದ ವಿಮಾನಗಳು ಇರಾನಿನ ಪರಮಾಣು ಕೇಂದ್ರಗಳ ಮೇಲೆ ಬಾಂಬು ಹಾಕಿದವು. ಮರುದಿನ ರಾತ್ರಿ ಇರಾನ್ ಕತಾರಿನ ಅಲ್ ಉದೈದ್ ನೆಲೆಯ ಮೇಲೆ ಕ್ಷಿಪಣಿ ಬಿಟ್ಟಿತು, ಕೊಲ್ಲಿಯ ಹಲವು ದೇಶಗಳ ಆಕಾಶ ಕೆಲವು ಗಂಟೆ ಮುಚ್ಚಿತು. 24ಕ್ಕೆ ಕದನವಿರಾಮ. ಅಷ್ಟರಲ್ಲಿ ಭಾರತ ಆಪರೇಷನ್ ಸಿಂಧು ಹೆಸರಿನಲ್ಲಿ ಇರಾನಿನಿಂದ ವಿದ್ಯಾರ್ಥಿಗಳನ್ನು ಹೊರತರಲು ಶುರುಮಾಡಿತ್ತು. ಮೊದಲ ತಂಡ ಬಂದದ್ದು ಅರ್ಮೇನಿಯಾ ಮೂಲಕ. 1990ರ ಅಮ್ಮಾನ್ ಜಾಗದಲ್ಲಿ ಈಗ ಯೆರೆವಾನ್.

ಆ ಹನ್ನೆರಡು ದಿನ ನಿಮ್ಮ ಫೋನ್ ಹೇಗಿತ್ತು ನೆನಪಿದೆಯಾ? ಊರಿನ ಗುಂಪು, ಕಾಲೇಜಿನ ಗುಂಪು, ಅಪಾರ್ಟ್‌ಮೆಂಟಿನ ಗುಂಪು, ಎಲ್ಲದರಲ್ಲೂ ಒಂದೇ ಬೆಂಕಿಯ ವಿಡಿಯೋ. ಎಲ್ಲ ಕಡೆ ಬಂದಿದೆ ಅಂದಮೇಲೆ ನಿಜವೇ ಇರಬೇಕು ಅಂತ ಅನ್ನಿಸುತ್ತದೆ. ನನ್ನ ಕೆಲಸದಲ್ಲಿ ಮೊದಲು ಕಲಿಸುವ ಪಾಠ ಇದರ ಬಗ್ಗೆಯೇ. ನಲವತ್ತು ಜನ ಒಂದೇ ಮೂಲದಿಂದ ಕೇಳಿ ಹೇಳಿದರೆ ಅದು ನಲವತ್ತು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ. ಎಣಿಸಬೇಕಾದದ್ದು ಬಾಯಿಗಳನ್ನಲ್ಲ, ಬೇರೆಬೇರೆ ಕಣ್ಣುಗಳನ್ನು.

ರೂವಿಯ ಕೋಣೆಯನ್ನು ಈ ಅಳತೆಯಲ್ಲಿ ನೋಡಿ. ಅವರಿಗೆ ಸುದ್ದಿ ನಿಧಾನವಾಗಿ, ಕಡಿಮೆ, ತಪ್ಪುತಪ್ಪಾಗಿ ಬರುತ್ತಿತ್ತು. ಆದರೆ ಉರ್ದು ಪ್ರಸಾರ, ಇಂಗ್ಲಿಷ್ ಪತ್ರಿಕೆ, ಅರಬ್ಬಿ ರೇಡಿಯೋ, ಊರಿನ ಆಕಾಶವಾಣಿ, ನಾಲ್ಕಕ್ಕೂ ಬೇರೆಬೇರೆ ಸಂಪಾದಕರು, ಬೇರೆಬೇರೆ ಒಲವುಗಳು. ನಾಲ್ಕೂ ಒಪ್ಪಿದರೆ ನಂಬುವುದು, ಒಪ್ಪದಿದ್ದರೆ ನಾಳೆವರೆಗೆ ಕಾಯುವುದು. ಯಾರೂ ಕಲಿಸದೆ ಅವರು ಮಾಡುತ್ತಿದ್ದದ್ದು ಒಳ್ಳೆಯ ಸಂಖ್ಯಾಶಾಸ್ತ್ರವೇ. ಕನ್ನಡದಲ್ಲಿ ಸುದ್ದಿ ಸಿಗದ ಕೊರತೆ ಅವರನ್ನು ನಾಲ್ಕು ಭಾಷೆಯವರ ಜೊತೆ ಮಾತಾಡಿಸಿತು. ನಮಗೆ ಈಗ ಎಲ್ಲವೂ ನಮ್ಮದೇ ಭಾಷೆಯಲ್ಲಿ, ನಮಗೆ ಹಿಡಿಸುವ ಹಾಗೆಯೇ ಸಿಗುತ್ತದೆ.

ಇನ್ನೊಂದು ವ್ಯತ್ಯಾಸ. ಆ ಕೋಣೆಯಲ್ಲಿ ವಾದಿಸುವಾಗ ಕುಂದಾಪುರದ ಅಣ್ಣ ಎದುರಿಗೇ ಕೂತಿದ್ದರು. ಅವರ ಮುಖ ನೋಡಿ ದನಿ ಇಳಿಸಬಹುದಿತ್ತು. ನೂರೈವತ್ತು ಜನರ ಗುಂಪಿನಲ್ಲಿ ಯಾರ ತಂಗಿ ಟೆಹರಾನಿನಲ್ಲಿ ಓದುತ್ತಿದ್ದಾಳೆ ಅಂತ ನಮಗೆ ಗೊತ್ತಿರುವುದಿಲ್ಲ. ಎದ್ದು ಪಾತ್ರೆ ತೊಳೆಯಲು ಹೋದವರು ಫೋನಿನಲ್ಲಿ ಕಾಣುವುದಿಲ್ಲ. ಮುಂದಿನ ಯುದ್ಧದ ಬಗ್ಗೆ ಗುಂಪಿನಲ್ಲಿ ಏನಾದರೂ ಬರೆಯುವ ಮುಂಚೆ ಅಂಥವರು ಒಬ್ಬರು ಇದ್ದೇ ಇದ್ದಾರೆ ಅಂತ ಎಣಿಸಿಕೊಂಡು ಬರೆಯಿರಿ. ಸುಮ್ಮನಿರಿ ಅಂತ ಹೇಳ್ತಿಲ್ಲ. ತಾಳಮದ್ದಳೆಯವರು ಸುಮ್ಮನಿರುವುದಿಲ್ಲ, ಆದರೆ ಎದುರಿನ ಮಾತನ್ನು ಪೂರ್ತಿ ಕೇಳಿಸಿಕೊಳ್ತಾರೆ.

ಮನೆಯವರನ್ನು ಕೇಳಿ

1990ರಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಅರವತ್ತೈದು ಕಳೆದಿದೆ. ಕುವೈತ್‌ನಿಂದ ಬಂದ ತಮ್ಮಂದಿರು, ಮಸ್ಕತ್‌ನಲ್ಲಿ ರೇಡಿಯೋ ಕೇಳಿದ ಅಣ್ಣಂದಿರು, ಊರಿನಲ್ಲಿ ಬೂತಿನ ಸಾಲಿನಲ್ಲಿ ನಿಂತ ಅತ್ತಿಗೆಯರು ಇನ್ನೂ ನಮ್ಮ ನಡುವೆ ಇದ್ದಾರೆ. ವಿಮಾನಗಳ ಸಂಖ್ಯೆ, ಚಿನ್ನದ ತೂಕ ಎಲ್ಲವೂ ದಾಖಲೆಯಲ್ಲಿದೆ. ಆ ಕೋಣೆಗಳ ವಾದ ಯಾವ ದಾಖಲೆಯಲ್ಲೂ ಇಲ್ಲ.

ಹಾಗಾಗಿ ನಿಮಗೊಂದು ಕೆಲಸ. ಈ ಶುಕ್ರವಾರ ಅಥವಾ ಭಾನುವಾರ, ನಿಮಗೆ ರಜೆ ಯಾವತ್ತೋ ಅವತ್ತು, ಮನೆಯ ಹಿರಿಯರೊಬ್ಬರಿಗೆ ಫೋನ್ ಮಾಡಿ. "ಯುದ್ಧದ ಬಗ್ಗೆ ಹೇಳಿ" ಅಂತ ಕೇಳಬೇಡಿ, ಅದಕ್ಕೆ "ಏನುಂಟು ಹೇಳುವುದು" ಅಂತಲೇ ಉತ್ತರ ಬರುವುದು. ಸಣ್ಣ ಪ್ರಶ್ನೆ ಕೇಳಿ. ಸದ್ದಾಂ ಕುವೈತ್‌ಗೆ ಬಂದ ದಿನ ನೀವು ಎಲ್ಲಿದ್ದಿರಿ? ಯಾವ ರೇಡಿಯೋ ಕೇಳ್ತಿದ್ದಿರಿ, ಯಾವ ಭಾಷೆಯಲ್ಲಿ? ಕೋಣೆಯಲ್ಲಿ ಯಾರ ಜೊತೆ ಜಗಳ ಆಯಿತು? ಯಾರು ಸುಮ್ಮನಿದ್ದರು?

ಉತ್ತರವನ್ನು ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರು ತುಳುವಿನಲ್ಲಿ ಹೇಳಲಿ, ಬ್ಯಾರಿಯಲ್ಲಿ ಹೇಳಲಿ, ಕೊಂಕಣಿಯಲ್ಲಿ ಹೇಳಲಿ, ತಿದ್ದಬೇಡಿ. ನಮಗೂ ಒಂದು ಪ್ರತಿ ಕಳಿಸಿದರೆ ಮುಂದಿನ ಸಂಚಿಕೆಯೊಂದರಲ್ಲಿ ಅವರ ದನಿಯಲ್ಲೇ ಕೇಳೋಣ.